ದೀನ್ ದಯಾಳರ ಊರಿನಲ್ಲಿ ಮೊದಲ ಡಿಎಸ್‌ಎಲ್‌ಆರ್

ನಮ್ಮ ಶಾಖೆಗೆ ಹೊಸದಾಗಿ ಸೇರುವ ಹುಡುಗರು ಎರಡು ಪ್ರಶ್ನೆಗಳನ್ನು ತಪ್ಪದೇ ಕೇಳುತ್ತಾರೆ. ಒಂದು, ಮನೆ ಸಾಲ ಈಗಲೇ ತಗೊಳ್ಳೋದಾ, ಇನ್ನೆರಡು ವರ್ಷ ಕಾಯೋದಾ? ಇನ್ನೊಂದು, ಮೊದಲ ಡಿಎಸ್‌ಎಲ್‌ಆರ್ ಕ್ಯಾಮೆರಾ ಯಾವುದು ಕೊಳ್ಳಲಿ, ಅದಕ್ಕೆ ಕೈಗೆಟುಕುವ ಲೆನ್ಸ್ ಯಾವುದು? ಮೊದಲನೆಯದಕ್ಕೆ ಉತ್ತರ ಹೇಳುವುದು ನನ್ನ ನೌಕರಿ. ಎರಡನೆಯದು ನನ್ನ ಹುಚ್ಚು. ಹಾಗಾಗಿ ಎರಡನೆಯದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ, ಅದೂ ಚರಿತ್ರೆಯಿಂದ ಶುರು ಮಾಡಿ!

ಬಿ.ಕಾಂ. ಓದಿದವರಿಗೆ 'ಸವಕಳಿ' ಅನ್ನುವ ಪದ ಚೆನ್ನಾಗಿ ಗೊತ್ತು. ಕೊಂಡ ವಸ್ತುವಿನ ಬೆಲೆ ವರ್ಷದಿಂದ ವರ್ಷಕ್ಕೆ ಲೆಕ್ಕದ ಪುಸ್ತಕದಲ್ಲಿ ಕರಗುತ್ತಾ ಹೋಗುವುದೇ ಸವಕಳಿ. ಕ್ಯಾಮೆರಾದ ಚರಿತ್ರೆಯನ್ನು ಹಾಗೆ ಲೆಕ್ಕದ ಪುಸ್ತಕದಂತೆ ಓದಿ ನೋಡಿ. ಪೆಟ್ಟಿಗೆಯ ಬೆಲೆ ಬೇಗ ಕರಗುತ್ತದೆ, ಗಾಜಿನ ಬೆಲೆ ನಿಧಾನವಾಗಿ ಕರಗುತ್ತದೆ. ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲಾ ಅದಕ್ಕೆ ಪುರಾವೆ.

ಈ ಪುರಾವೆ ಹುಡುಕಲು ದೂರ ಹೋಗಬೇಕಿಲ್ಲ. ನಾವಿರುವ ಸಿಕಂದರಾಬಾದಿನಲ್ಲೇ 1886ರಲ್ಲಿ ಒಂದು ಫೋಟೋ ಸ್ಟುಡಿಯೋ ಶುರುವಾಯಿತು. ಅದರ ಯಜಮಾನರು ರಾಜಾ ದೀನ್ ದಯಾಳ್. ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರಧನಾದಲ್ಲಿ. ರೂರ್ಕಿಯ ಥಾಮ್ಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವ, ಅಂದಾಜು ಪಟ್ಟಿ ತಯಾರಿಸುವ ಕೆಲಸದಲ್ಲಿದ್ದವರು. ಅಂದರೆ ನಮ್ಮ ನಿಮ್ಮಂತೆ ಸಂಬಳದ ನೌಕರರೇ! 1870ರ ದಶಕದ ಮಧ್ಯದಲ್ಲಿ ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದರು. ಮುಂದೆ ನೌಕರಿ ಬಿಟ್ಟು ಅದನ್ನೇ ನೆಚ್ಚಿಕೊಂಡು, ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. 1894ರಲ್ಲಿ ನಿಜಾಮರು 'ರಾಜಾ ಬಹಾದುರ್ ಮುಸವ್ವಿರ್ ಜಂಗ್' ಅನ್ನುವ ಬಿರುದು ಕೊಟ್ಟರು. 1896ರಲ್ಲಿ ಬೊಂಬಾಯಿಯಲ್ಲೂ ಸ್ಟುಡಿಯೋ ತೆರೆದರು. 1905ರಲ್ಲಿ ತೀರಿಕೊಂಡರು. 2006ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ಕಲಬುರಗಿ, ಬೀದರ, ರಾಯಚೂರಿನಿಂದ ಇಲ್ಲಿಗೆ ಬಂದ ನಮ್ಮಂಥವರಿಗೆ ದೀನ್ ದಯಾಳ್ ಇನ್ನೂ ಹತ್ತಿರದವರು. ನಮ್ಮ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದಿಗೇ ಸೇರಿದ್ದವಲ್ಲ! ನಿಜಾಮರ ಸೀಮೆಯ ನೋಟಗಳದ್ದೇ ಒಂದು ಆಲ್ಬಮ್ ಅವರು ಮಾಡಿದ್ದು, 1892ರ ದಿನಾಂಕ ಹೊತ್ತ ಅದರ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ, ಬೀದರದ ಮಹಮೂದ್ ಗವಾನ್ ಮದರಸಾ ಅವರ ಕ್ಯಾಮೆರಾಕ್ಕೆ ಸಿಕ್ಕಿವೆ. ನಾನು ಮೊದಲ ಸಲ ಆ ಚಿತ್ರಗಳನ್ನು ನೋಡಿದಾಗ ಕಲ್ಲಿನ ಒಂದೊಂದು ಸಂದೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಇವತ್ತಿನ ಕ್ಯಾಮೆರಾ ನಾಚಬೇಕು, ಹಾಗಿತ್ತು.

ಆದರೆ ಆ ಸ್ಪಷ್ಟತೆಯ ಬೆಲೆ ಏನು ಗೊತ್ತಾ? ಒಂದೊಂದು ಚಿತ್ರಕ್ಕೆ ಒಂದೊಂದು ಗಾಜಿನ ಫಲಕ. ಹತ್ತು ಅಂಗುಲ, ಹನ್ನೆರಡು ಅಂಗುಲದ ಗಾಜುಗಳು. ಮರದ ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಹೊರಲು ಆಳುಗಳು. ಹಳೆಯ ಒದ್ದೆ ಫಲಕದ ಪದ್ಧತಿಯಲ್ಲಂತೂ ಔಷಧ ಹಚ್ಚಿದ ಗಾಜು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕು. ಅದಕ್ಕಾಗಿ ಕತ್ತಲೆಯ ಡೇರೆಯನ್ನೂ ಜೊತೆಗೇ ಒಯ್ಯಬೇಕು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ವೈದ್ಯ ಜೆಲಟಿನ್ ಲೇಪದ ಒಣ ಫಲಕದ ದಾರಿ ತೋರಿಸಿದ ಮೇಲೆ, ಮುಂದಿನ ದಶಕದ ಹೊತ್ತಿಗೆ ಕೆಲಸ ಸ್ವಲ್ಪ ಹಗುರವಾಯಿತು. ಆದರೂ ಅದು ಅರಸರ, ವೈಸ್‌ರಾಯರ, ಜಮೀನ್ದಾರರ ಬಾಬ್ತು. ಪರದೆಯ ಹೆಂಗಸರಿಗಾಗಿ ದೀನ್ ದಯಾಳರು 1892ರಲ್ಲಿ ಝನಾನಾ ಸ್ಟುಡಿಯೋ ತೆರೆದರು. ಅಲ್ಲಿ ಫೋಟೋ ತೆಗೆಯುವ ಉಸ್ತುವಾರಿ ಒಬ್ಬ ಆಂಗ್ಲ ಮಹಿಳೆಯದು. ಒಳ್ಳೆಯ ಏರ್ಪಾಡು. ಆದರೆ ಸೇಡಂ ಕಡೆಯ ಹಳ್ಳಿಯಲ್ಲಿ ಶಹಾಬಾದಿ ಕಲ್ಲಿನ ಮನೆಯೊಳಗಿದ್ದ ನಮ್ಮ ಹಿರಿಯರಿಗೂ ಅದಕ್ಕೂ ಏನು ಸಂಬಂಧ? ನಮ್ಮ ಅಜ್ಜಿ ತೀರಿಕೊಂಡಾಗ ಅವಳದು ಒಂದೇ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಮೊಮ್ಮಕ್ಕಳಾದ ನಾವು ಅವಳ ಮುಖ ನೆನಪಿಸಿಕೊಳ್ಳುವುದು ಒಬ್ಬೊಬ್ಬರು ಒಂದೊಂದು ಥರ!

ಕ್ಯಾಮೆರಾ ಅಗ್ಗವಾಗುವ ಕಥೆ ಶುರುವಾಗುವುದೂ ಅದೇ ಕಾಲದಲ್ಲೇ. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕೊಡಕ್ ಕ್ಯಾಮೆರಾ ತಂದರು. ಬೆಲೆ 25 ಡಾಲರ್, ಒಳಗೆ ನೂರು ಚಿತ್ರಕ್ಕಾಗುವ ಸುರುಳಿ. ಎಲ್ಲಾ ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. 1900ರಲ್ಲಿ ಒಂದೇ ಡಾಲರಿಗೆ ಬ್ರೌನಿ ಬಂತು. 1925ರಲ್ಲಿ ಜರ್ಮನಿಯ ಲೈಕಾ 35 ಮಿ.ಮೀ. ಸಿನಿಮಾ ಫಿಲ್ಮನ್ನು ಜೇಬಿನ ಕ್ಯಾಮೆರಾಕ್ಕೆ ಇಳಿಸಿತು. ಅದಕ್ಕಿದ್ದದ್ದು 50 ಮಿ.ಮೀ. ಲೆನ್ಸು. ಆ ಅಳತೆಯನ್ನು ನೆನಪಿಡಿ, ಮತ್ತೆ ಬರುತ್ತದೆ.

ನಮ್ಮ ದೇಶದ ಮಧ್ಯಮ ವರ್ಗಕ್ಕೆ ಕ್ಯಾಮೆರಾ ಅಂದರೆ ಬಹುಕಾಲ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಕಪ್ಪು-ಬಿಳುಪು ಫಿಲ್ಮ್ ಅಂದರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸಿನ 'ಇಂದು'. ಜಪಾನಿನ ಎಸ್‌ಎಲ್‌ಆರ್ ಬೇಕೆಂದರೆ ವಿದೇಶದಲ್ಲಿರುವ ಭಾವಮೈದುನನೋ, ಷಡ್ಡಕನೋ ತರಬೇಕಿತ್ತು. ಎಸ್‌ಎಲ್‌ಆರ್ ಅಂದರೆ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುವ ಕ್ಯಾಮೆರಾ. ಲೆನ್ಸು ಕಂಡದ್ದನ್ನೇ ನಾವೂ ಕಾಣುತ್ತೇವೆ, ಲೆನ್ಸನ್ನು ಬಿಚ್ಚಿ ಬೇರೆಯದನ್ನು ತಿರುಗಿಸಿ ಕೂಡಿಸಬಹುದು. ಮೂಡಿಗೆರೆಯಲ್ಲಿ ತೇಜಸ್ವಿಯವರು ಹಕ್ಕಿಗಳ ಬೆನ್ನು ಹತ್ತಿದ್ದು, ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿದದ್ದು ಫಿಲ್ಮಿನ ಕಾಲದಲ್ಲೇ. ಒಂದು ರೋಲಿಗೆ 36 ಚಿತ್ರ. ಪ್ರತಿ ಕ್ಲಿಕ್ಕಿಗೂ ಜೇಬಿನಲ್ಲಿ ಚಿಲ್ಲರೆ ಕಮ್ಮಿಯಾಗುತ್ತಿತ್ತು.

ಇನ್ನು ಡಿಜಿಟಲ್ಲಿಗೆ ಬರೋಣ. 1975ರಲ್ಲಿ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದರು. 0.01 ಮೆಗಾಪಿಕ್ಸೆಲ್, ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು! 1991ರಲ್ಲಿ ಕೊಡಕ್ಕೇ ನಿಕಾನ್ ಎಫ್3 ಕ್ಯಾಮೆರಾಕ್ಕೆ ಸೆನ್ಸರ್ ಕೂಡಿಸಿ ಮೊದಲ ಡಿಎಸ್‌ಎಲ್‌ಆರ್ ಮಾರಿತು. 1.3 ಮೆಗಾಪಿಕ್ಸೆಲ್, ಚಿತ್ರ ತುಂಬಿಕೊಳ್ಳುವ ಪೆಟ್ಟಿಗೆಯನ್ನು ಬೇರೆಯೇ ಹೆಗಲಿಗೆ ಹಾಕಿಕೊಳ್ಳಬೇಕು, ಬೆಲೆ ಸುಮಾರು 20,000 ಡಾಲರಿನಿಂದ ಮೇಲೆ. 1999ರ ನಿಕಾನ್ ಡಿ1ಕ್ಕೆ 2.7 ಮೆಗಾಪಿಕ್ಸೆಲ್, ಬೆಲೆ 5,000 ಡಾಲರಿನ ಆಚೆ. 2003ರಲ್ಲಿ ಕ್ಯಾನನ್ 300ಡಿ ಬಂತು ನೋಡಿ, ಅಲ್ಲಿ ಗೋಡೆ ಒಡೆಯಿತು. 6.3 ಮೆಗಾಪಿಕ್ಸೆಲ್, ಬರೀ ಬಾಡಿಗೆ 899 ಡಾಲರ್. 2004ರಲ್ಲಿ ನಿಕಾನ್ ಡಿ70 ಉತ್ತರ ಕೊಟ್ಟಿತು. 2006ರ ಕೊನೆಗೆ ಡಿ40, ಲೆನ್ಸೂ ಸೇರಿ 599 ಡಾಲರ್!

ಹದಿನೈದು ವರ್ಷಗಳಲ್ಲಿ 20,000ದಿಂದ 599ಕ್ಕೆ. ಇದಕ್ಕಿಂತ ಸವಕಳಿಯ ಪಾಠ ಬೇಕಾ?

ಈಗ ಅದೇ ಅವಧಿಯಲ್ಲಿ ಗಾಜಿನ ಕಥೆ ನೋಡಿ. 1896ರಲ್ಲಿ, ಅಂದರೆ ದೀನ್ ದಯಾಳರು ಬೊಂಬಾಯಿ ಸ್ಟುಡಿಯೋ ತೆರೆದ ವರ್ಷವೇ, ಜರ್ಮನಿಯ ಜೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ ಅನ್ನುವವರು ಪ್ಲಾನರ್ ಎಂಬ ಲೆನ್ಸ್ ರೂಪಿಸಿದರು. ನಡುವೆ ಬೆಳಕಿನ ಕಿಂಡಿ, ಆಚೆ ಈಚೆ ಹೆಚ್ಚುಕಡಿಮೆ ಕನ್ನಡಿಬಿಂಬದಂತೆ ಜೋಡಿಸಿದ ಗಾಜುಗಳು. ಒಂದು ಬದಿಯ ಗಾಜಿನ ದೋಷವನ್ನು ಇನ್ನೊಂದು ಬದಿಯದು ಬಹುಮಟ್ಟಿಗೆ ಸರಿದೂಗಿಸುತ್ತದೆ. ನಮ್ಮ ಜಮಾ-ಖರ್ಚಿನ ತಾಳೆ ಇದ್ದ ಹಾಗೆ! ಆದರೆ ಗಾಜುಗಳು ಹೆಚ್ಚಾದಷ್ಟೂ ಒಳಗೇ ಬೆಳಕು ಪ್ರತಿಫಲಿಸಿ ಚಿತ್ರ ಮಸುಕಾಗುತ್ತಿತ್ತು. 1930ರ ದಶಕದಲ್ಲಿ ಗಾಜಿಗೆ ತೆಳು ಲೇಪ ಹಚ್ಚುವುದು ಬಂದ ಮೇಲೆ ಆ ತೊಂದರೆ ತಗ್ಗಿತು. ಇವತ್ತಿನ ಅಗ್ಗದ 50 ಮಿ.ಮೀ. ಎಫ್/1.8 ಲೆನ್ಸುಗಳು ಅದೇ ವಂಶದ ಕುಡಿಗಳು. ಕ್ಯಾನನ್ 1987ರಲ್ಲಿ ತನ್ನ ಇಎಫ್ ಮೌಂಟಿನ ಜೊತೆಗೇ ಇದನ್ನು ತಂದಿತು. 1990ರಲ್ಲಿ ಮೈಯೆಲ್ಲಾ ಪ್ಲಾಸ್ಟಿಕ್ಕಿನ ಎರಡನೇ ಆವೃತ್ತಿ, 130 ಗ್ರಾಂ ತೂಕ, ಬೆಲೆ ನೂರು ಡಾಲರಿನ ಆಸುಪಾಸು. ಅದು 2015ರವರೆಗೆ, ಹೊಸ ಎಸ್‌ಟಿಎಂ ಆವೃತ್ತಿ ಬರುವ ತನಕ, ಇಪ್ಪತ್ತೈದು ವರ್ಷ ಹಾಗೆಯೇ ಮಾರಾಟವಾಯಿತು. ಅಷ್ಟರಲ್ಲಿ ಎಷ್ಟು ಬಾಡಿಗಳು ಹುಟ್ಟಿ ಸತ್ತವೋ!

ಅಂದ ಹಾಗೆ ಈ ಲೆನ್ಸಿಗೆ ಫೋಟೋ ಹುಚ್ಚಿನವರು ಇಟ್ಟ ಹೆಸರು 'ನಿಫ್ಟಿ ಫಿಫ್ಟಿ'. ಷೇರು ಪೇಟೆಯ ನಿಫ್ಟಿಯಷ್ಟು ಏರಿಳಿತ ಇದರದ್ದಲ್ಲ, ಭಯ ಬೇಡ.

ಎಫ್/1.8 ಅಂದರೆ ಏನು? ಆ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾದ ಜೊತೆ ಬರುವ 18-55 ಕಿಟ್ ಲೆನ್ಸು 55ಕ್ಕೆ ಹೋದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ, ಹತ್ತಿರ ಹತ್ತಿರ ಹತ್ತು ಬರುತ್ತದೆ. ಅಂದರೆ ಹತ್ತುಪಟ್ಟು ಬೆಳಕು! ಕಿಟ್ ಲೆನ್ಸಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕಾದ ಕಡೆ ಇದಕ್ಕೆ ನೂರನೇ ಒಂದು ಭಾಗ ಸಾಕು. ಕೈ ನಡುಗಿದರೂ ಚಿತ್ರ ನಡುಗುವುದಿಲ್ಲ.

ನಾನು 2008ರಲ್ಲಿ ಕೊಂಡದ್ದು ಕ್ಯಾನನ್ 400ಡಿ. ಆ ವರ್ಷ 450ಡಿ ಬಂದು ಹಳೆಯದರ ಬೆಲೆ ಇಳಿದಿತ್ತು. ಉಳಿದ ದುಡ್ಡಿಗೆ ಈ 50 ಎಫ್/1.8. ಆ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕಲ್ಲಿನ ಮನೆ, ಒಂದೇ ಕಿಟಕಿ. ಫ್ಲಾಶ್ ಹಾಕಿದರೆ ಅವ್ವ ಕಣ್ಣು ಮುಚ್ಚಿಬಿಡುತ್ತಾಳೆ, ಮುಖ ಬಿಗಿ ಮಾಡುತ್ತಾಳೆ. ಕಿಟಕಿಯ ಬೆಳಕಿನಲ್ಲೇ ತೆಗೆದೆ. ಒಂದು ಕಣ್ಣಿನ ಹತ್ತಿರದ ಸುಕ್ಕು, ಮೂಗುಬೊಟ್ಟು, ಅರ್ಧ ನಗು. ಹಿಂದಿನ ಗೋಡೆ ಮಂಜು ಮಂಜು. 2013ರಲ್ಲಿ ಅವ್ವ ಹೋದಳು. ಈಗ ನಾಲ್ಕೂ ಮಕ್ಕಳ ಮನೆಯಲ್ಲಿ ಇರುವುದು ಅದೇ ಚಿತ್ರ. ನನ್ನ ಮೊಮ್ಮಕ್ಕಳು ಅವಳ ಮುಖದ ಬಗ್ಗೆ ಜಗಳ ಆಡಬೇಕಿಲ್ಲ. ಆ 400ಡಿ ಯಾವತ್ತೋ ಕೆಟ್ಟು ಕೂತಿತು. ಲೆನ್ಸು ಇನ್ನೂ ಕೆಲಸ ಮಾಡುತ್ತಿದೆ.

ಸರಿ, ಈಗ ಕೊಳ್ಳುವವರು ಏನು ಮಾಡಬೇಕು? ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಕನ್ನಡಿಯಿಲ್ಲದ, ಮಿರರ್‌ಲೆಸ್ ಕ್ಯಾಮೆರಾಗಳ ಹೊಸ ಮೌಂಟಿಗೆ ಹೊರಳಿದವು. ಡಿಎಸ್‌ಎಲ್‌ಆರ್ ಸಂಜೆಯ ಸೂರ್ಯ. ಆದರೆ ನಮ್ಮಂಥವರಿಗೆ ಇದು ಒಳ್ಳೆಯ ಮುಹೂರ್ತ! ಸಿರಿವಂತರು ಹೊಸದಕ್ಕೆ ಹೋದಾಗಲೆಲ್ಲಾ ಹಳೆಯದು ನಮ್ಮ ಕೈಗೆ ಬಂದಿದೆ, ಚರಿತ್ರೆಯುದ್ದಕ್ಕೂ. ಕೋಠಿಯ ಗುಜರಾತಿ ಗಲ್ಲಿ ಸುತ್ತುವಾಗ ಇಷ್ಟು ಗಮನದಲ್ಲಿರಲಿ.

ಸೆಕೆಂಡ್ ಹ್ಯಾಂಡ್ ಬಾಡಿಯಾದರೆ ಶಟರ್ ಎಷ್ಟು ಸಲ ಬಡಿದಿದೆ ಅಂತ ಕೇಳಿ. ಕಾರಿನ ಕಿಲೋಮೀಟರ್ ಕೇಳಿದ ಹಾಗೆ. ಲೆನ್ಸನ್ನು ಟಾರ್ಚಿನ ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂತೆ ಬೂಷ್ಟು ಇದೆಯಾ ನೋಡಿ, ಇದ್ದರೆ ಬಿಟ್ಟುಬಿಡಿ. ನಿಕಾನಿನಲ್ಲಿ ಡಿ40, ಡಿ60, ಡಿ3000, ಡಿ5000ದ ಸಾಲಿನ ಬಾಡಿಗಳಿಗೆ ಒಳಗೆ ಫೋಕಸ್ ಮೋಟಾರು ಇಲ್ಲ. ಅಲ್ಲಿ ಹಳೆಯ ಎಎಫ್ 50 ಎಫ್/1.8ಡಿ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಅವಕ್ಕೆ 2009ರ ಎಎಫ್-ಎಸ್ 35 ಎಫ್/1.8 ಅಥವಾ 2011ರ ಎಎಫ್-ಎಸ್ 50 ಎಫ್/1.8 ಹುಡುಕಿ. ಇನ್ನೊಂದು ಮಾತು, ಈ ಅಗ್ಗದ ಬಾಡಿಗಳ ಸೆನ್ಸರ್ ಚಿಕ್ಕದು. 50 ಮಿ.ಮೀ. ಲೆನ್ಸು ಅಲ್ಲಿ 75-80 ಮಿ.ಮೀ.ನ ಹಾಗೆ ವರ್ತಿಸುತ್ತದೆ. ಒಬ್ಬರ ಮುಖಕ್ಕೆ ಸೊಗಸು, ಇಡೀ ಕುಟುಂಬ ಹಿಡಿಸಲು ಗೋಡೆಗೆ ಬೆನ್ನು ಹಚ್ಚಬೇಕು. ಗುಂಪಿಗೆ ಕಿಟ್ ಲೆನ್ಸ್ ಇದ್ದೇ ಇದೆಯಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ರಾಜ್ಯೋತ್ಸವಕ್ಕೆ ಮಕ್ಕಳು ವೇದಿಕೆ ಹತ್ತಿದಾಗ ಮಾತ್ರ ಎಫ್/1.8ನ್ನೇ ಹಾಕಿ. ನಾಳೆ ಮಿರರ್‌ಲೆಸ್ ಕೊಂಡರೂ ಕ್ಯಾನನ್ನಿನ ಇಎಫ್ ಲೆನ್ಸು ಅಡಾಪ್ಟರ್ ಮೂಲಕ ಅಲ್ಲಿಯೂ ತಾನಾಗಿ ಫೋಕಸ್ ಮಾಡುತ್ತದೆ.

ದೀನ್ ದಯಾಳರ ಕ್ಯಾಮೆರಾ ಪೆಟ್ಟಿಗೆಗಳ ಬಗ್ಗೆ ಇವತ್ತು ಯಾರು ಕೇಳುತ್ತಾರೆ? ಅವರ ಗಾಜಿನ ಫಲಕಗಳು ಮಾತ್ರ ಉಳಿದಿವೆ. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಅಂಥ 2,857 ಫಲಕಗಳನ್ನು ಪಡೆದು ಕಾಪಾಡಿಕೊಂಡಿದೆ. ಅವುಗಳಲ್ಲಿ ಅರಮನೆ, ಕೋಟೆ, ನವಾಬರು, ದಿವಾನರು. ನಿಮ್ಮ ಅಪ್ಪ, ಅವ್ವ, ಹೊಲಕ್ಕೆ ಹೋಗುವ ಕಾಕಾ ಅಲ್ಲಿಲ್ಲ. ಅವರನ್ನು ತೆಗೆಯಬೇಕಾದವರು ನೀವೇ.

ಆದ್ದರಿಂದ ನನ್ನ ಸಲಹೆ ಸರಳ. ಬಾಡಿ ಹಳೆಯದಿರಲಿ, ಲೆನ್ಸು ಬೆಳಕಿನದ್ದಿರಲಿ. ಉಳಿದ ದುಡ್ಡಿನಲ್ಲಿ ಊರಿಗೆ ರೈಲು ಟಿಕೆಟ್ ಮಾಡಿಸಿ. ಹಬ್ಬಕ್ಕೇ ಕಾಯಬೇಡಿ.