ಕಫಾಲ, ಪಾಲಕತ್ವ ಮತ್ತು ಗಡಿ ದಾಟುವ ಮಗು: ಕಾಟಿಪಳ್ಳದ ನೆಲೆಯಿಂದ ಒಂದು ಮರುವಿಚಾರ

ಇಸ್ಲಾಮಿನಲ್ಲಿ ದತ್ತು ಇಲ್ಲ, ಹಾಗಾಗಿ ಅಂತರರಾಷ್ಟ್ರೀಯ ದತ್ತು ಸ್ವೀಕಾರದ ಚರ್ಚೆಯಲ್ಲಿ ಮುಸ್ಲಿಂ ಕುಟುಂಬಗಳಿಗೆ ಜಾಗವೂ ಇಲ್ಲ ಎಂಬ ಅಭಿಪ್ರಾಯ ನಮ್ಮ ಕಾನೂನು ಬರವಣಿಗೆಯಲ್ಲಿ ಪರೀಕ್ಷೆಗೊಳಗಾಗದೆ ಚಲಾವಣೆಯಲ್ಲಿದೆ. ಮುಲ್ಲಾ, ಫೈಜಿ ಮೊದಲಾದ ಪ್ರಮಾಣ ಲೇಖಕರು ಹೇಳಿದ್ದು ಇದಕ್ಕಿಂತ ಕಡಿಮೆ. ದತ್ತುವಿನಿಂದ ವಂಶಸಂಬಂಧ ಹುಟ್ಟುತ್ತದೆಂದು ಮುಸ್ಲಿಂ ಕಾನೂನು ಒಪ್ಪುವುದಿಲ್ಲ ಎಂಬಲ್ಲಿಗೆ ಅವರ ಮಾತು ಮುಗಿಯುತ್ತದೆ. ಆ ಮಾತಿನ ಬಗ್ಗೆ ಈ ಲೇಖನಕ್ಕೆ ತಕರಾರಿಲ್ಲ. ಅದರ ಮೇಲೆ ಕಟ್ಟಿದ ತೀರ್ಮಾನದ ಬಗ್ಗೆ ಇದೆ. ಗಡಿ ದಾಟಬೇಕಾದ ಮಗುವಿನ ವಿಷಯದಲ್ಲಿ ಮುಸ್ಲಿಂ ದಂಪತಿಗಳು ಎದುರಿಸುವ ಅನಿಶ್ಚಿತತೆಗೆ ಶ್ರದ್ಧೆಯೊಂದೇ ಕಾರಣವಲ್ಲ. ದತ್ತು ಮತ್ತು ತಾತ್ಕಾಲಿಕ ಆರೈಕೆ ಇವೆರಡರ ನಡುವೆ ಬೇರೆ ಯಾವ ಸ್ಥಾನವನ್ನೂ ಉಳಿಸದ ಪ್ರಭುತ್ವದ ಕಾನೂನೇ ಅದರ ದೊಡ್ಡ ಪಾಲನ್ನು ಉಂಟುಮಾಡಿದೆ ಎಂಬುದು ನನ್ನ ವಾದ.

ಎಲ್ಲರೂ ಒಪ್ಪುವ ಚರಿತ್ರೆಯನ್ನು ಚಿಕ್ಕದಾಗಿ ಹೇಳಬಹುದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುತ್ತದೆ. ಎಲ್ಲರಿಗೂ ಅನ್ವಯಿಸುವಂತೆ 1972ರಲ್ಲಿ ಬಂದ ಮಸೂದೆ ಮುಸ್ಲಿಂ ಸಂಘಟನೆಗಳ ವಿರೋಧದಿಂದ ನಿಂತಿತು. ಮುಸ್ಲಿಮರನ್ನು ಹೊರಗಿಟ್ಟು 1980ರಲ್ಲಿ ತಂದ ಮಸೂದೆಗೆ ಪಾರ್ಸಿಗಳಿಂದ ಅಡ್ಡಿ ಬಂತು. ಬಾಲನ್ಯಾಯ ಕಾಯ್ದೆ 2000ದಲ್ಲಿ, ಇನ್ನಷ್ಟು ಸ್ಪಷ್ಟವಾಗಿ 2006ರ ತಿದ್ದುಪಡಿಯಲ್ಲಿ, ಧರ್ಮದ ಪ್ರಶ್ನೆ ಎತ್ತದೆ ದತ್ತುವಿಗೆ ಅವಕಾಶ ಕೊಟ್ಟಿತು. ಶಬನಂ ಹಾಶ್ಮಿ ಪ್ರಕರಣದಲ್ಲಿ 2014ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್ ದತ್ತು ಸ್ವೀಕಾರವನ್ನು ಮೂಲಭೂತ ಹಕ್ಕೆಂದು ಘೋಷಿಸಲು ಒಪ್ಪಲಿಲ್ಲ. ಆದರೆ ಈ ಕಾಯ್ದೆಯಡಿ ದತ್ತು ಪಡೆಯುವ ಅಥವಾ ಪಡೆಯದಿರುವ ಆಯ್ಕೆ ಪ್ರತಿಯೊಬ್ಬರಿಗೂ ಇದೆ, ವೈಯಕ್ತಿಕ ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ ಎಂದಿತು.

ಈ ಪ್ರಶ್ನೆಯನ್ನು ಕಾಟಿಪಳ್ಳದಿಂದ ಕೇಳುವುದಕ್ಕೆ ಕಾರಣವಿದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ನೆಲ ಬಿಟ್ಟುಕೊಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಇಂದಿಗೂ ಅಲ್ಲಿಯ ವಿಳಾಸಗಳು ಬ್ಲಾಕ್ ಸಂಖ್ಯೆಯಲ್ಲೇ ಇವೆ. ಬ್ಯಾರಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿರುವ ಈ ಭಾಗದ ಅನೇಕ ಮನೆಗಳಿಗೆ ದುಡಿಮೆಯ ನೆಲ ಕೊಲ್ಲಿ ರಾಷ್ಟ್ರಗಳು. ಅಂಥ ಮನೆಯವರು ಊರಿನಿಂದ ಮಗುವೊಂದನ್ನು ತಮ್ಮದಾಗಿಸಿಕೊಂಡು ಸೌದಿಗೋ ದುಬೈಗೋ ಕರೆದೊಯ್ಯಬೇಕೆಂದರೆ ಒಟ್ಟೊಟ್ಟಿಗೆ ಮೂರು ಕಾನೂನುಗಳ ಮುಂದೆ ನಿಲ್ಲಬೇಕು. ಭಾರತದ ಕಾನೂನು ಪೂರ್ಣ ದತ್ತುವನ್ನು ಕೊಡುತ್ತದೆ. ತಲುಪಬೇಕಾದ ದೇಶದ ಕಾನೂನು ಮುಸ್ಲಿಮನಿಗೆ ಕಫಾಲವನ್ನಷ್ಟೇ ಒಪ್ಪುತ್ತದೆ. ಕಫಾಲವೆಂದರೆ ಮಗುವಿನ ಹುಟ್ಟಿನ ಗುರುತನ್ನು ಉಳಿಸಿಕೊಂಡೇ ಅದರ ಪಾಲನೆಯ ಪೂರ್ಣ ಹೊಣೆ ಹೊರುವುದು. ಮೂರನೆಯದು 1993ರ ಹೇಗ್ ಒಪ್ಪಂದ. ಶಾಶ್ವತವಾದ ಪೋಷಕ-ಮಗು ಸಂಬಂಧವನ್ನು ಸೃಷ್ಟಿಸುವ ದತ್ತುವಿಗೆ ಮಾತ್ರ ತಾನು ಅನ್ವಯವೆಂದು ಅದರ ಎರಡನೆಯ ವಿಧಿಯೇ ಹೇಳುತ್ತದೆ. ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. ಸೌದಿ ಅರೇಬಿಯ, ಯುಎಇ ಅದರ ಸದಸ್ಯರಲ್ಲ. ಹೀಗಾಗಿ ಮಂಗಳೂರಿನಲ್ಲಿ ಮಗನೋ ಮಗಳೋ ಆಗಿರುವ ಮಗು ವಿಮಾನ ಇಳಿಯುವಲ್ಲಿ ಏನಾಗುತ್ತದೆ ಎಂಬುದು ಪ್ರಶ್ನೆಯಾಗಿಯೇ ಉಳಿಯುತ್ತದೆ.

ಇದನ್ನು ಶ್ರದ್ಧೆಯ ಸಮಸ್ಯೆ ಎನ್ನುವವರು ಸಾಮಾನ್ಯವಾಗಿ ಎರಡು ಪಠ್ಯಗಳನ್ನು ಗಮನಿಸುವುದಿಲ್ಲ. ಮೊದಲನೆಯದು 1937ರ ಶರಿಯತ್ ಅನ್ವಯ ಕಾಯ್ದೆ. ಮುಸ್ಲಿಮರಿಗೆ ಕಡ್ಡಾಯವಾಗಿ ಶರಿಯತ್ ಅನ್ವಯವಾಗಬೇಕಾದ ವಿಷಯಗಳನ್ನು ಪಟ್ಟಿ ಮಾಡುವ ಎರಡನೆಯ ಕಲಮಿನಲ್ಲಿ ದತ್ತು ಇಲ್ಲ. ಅದು ಉಯಿಲಿನ ಜೊತೆಗೆ ಮೂರನೆಯ ಕಲಮಿನಲ್ಲಿ, ಅಂದರೆ ವ್ಯಕ್ತಿಯೊಬ್ಬ ಘೋಷಣೆ ಸಲ್ಲಿಸಿದರೆ ಮಾತ್ರ ಅನ್ವಯಿಸುವ ಭಾಗದಲ್ಲಿದೆ. ಕಡ್ಡಾಯ ಪಟ್ಟಿಯಲ್ಲಿರುವುದು ಪಾಲಕತ್ವ. ಎಂದರೆ ವಸಾಹತು ಕಾಲದ ಶಾಸನಕರ್ತರು ಕೂಡ ದತ್ತುವನ್ನು ಪಾಲಕತ್ವದಷ್ಟು ಬಿಗಿಯಾಗಿ ಶರಿಯತ್ತಿಗೆ ಕಟ್ಟಿರಲಿಲ್ಲ. ಇದರಿಂದ ಮುಸ್ಲಿಮರಲ್ಲಿ ದತ್ತು ಸಿಂಧುವಾಗುತ್ತದೆಂದು ನಾನು ಹೇಳುತ್ತಿಲ್ಲ. ಅಷ್ಟು ದೂರ ಈ ಪಠ್ಯ ಹೋಗುವುದಿಲ್ಲ. ನಿಷೇಧದ ಕಾನೂನು ತೂಕ ನಾವು ಊಹಿಸಿಕೊಂಡಷ್ಟಿಲ್ಲ ಎನ್ನುವಷ್ಟಕ್ಕೆ ಇದು ಸಾಕು.

ಎರಡನೆಯದು 1984ರ ಫೆಬ್ರವರಿ 6ರ ಲಕ್ಷ್ಮೀಕಾಂತ ಪಾಂಡೆ ತೀರ್ಪು. ಮಕ್ಕಳನ್ನು ಹೊರದೇಶಕ್ಕೆ ಕಳಿಸುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲರೊಬ್ಬರು ಬರೆದ ಪತ್ರವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಬರೆದ ಈ ತೀರ್ಪನ್ನು ಅಂತರರಾಷ್ಟ್ರೀಯ ದತ್ತುವಿನ ಬುನಾದಿ ಎನ್ನುತ್ತೇವೆ. ಆದರೆ ಅದು ವಿದೇಶಿ ದಂಪತಿಗಳಿಗೆ ತೆರೆದ ದಾರಿ ದತ್ತುವಿನದಾಗಿರಲಿಲ್ಲ. ಅವರಿಗೆ ದತ್ತುವಿನ ಕಾನೂನು ಇರಲೇ ಇಲ್ಲ. ಅವರು ಹೋದದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಗೆ. ಆ ಕಾಯ್ದೆಯ 26ನೆಯ ಕಲಮಿನ ಪ್ರಕಾರ ನ್ಯಾಯಾಲಯದ ಅನುಮತಿಯಿಲ್ಲದೆ ಪಾಲಕನು ಮಗುವನ್ನು ಅದರ ವ್ಯಾಪ್ತಿಯಿಂದಾಚೆಗೆ ಒಯ್ಯುವಂತಿಲ್ಲ. ಹಾಗಾಗಿ ದಂಪತಿಗಳು ಮೊದಲು ಪಾಲಕರಾಗಿ ನೇಮಕಗೊಂಡು, ಆಮೇಲೆ ದೇಶದಾಚೆ ಒಯ್ಯಲು ಅನುಮತಿ ಪಡೆಯುತ್ತಿದ್ದರು. ಎರಡು ವರ್ಷದೊಳಗೆ ತಮ್ಮ ದೇಶದಲ್ಲಿ ದತ್ತು ಪಡೆಯುತ್ತೇವೆಂದು ಮಾತು ಕೊಡುತ್ತಿದ್ದರು, ಅಲ್ಲಿಂದ ಪ್ರಗತಿ ವರದಿಗಳು ಬರಬೇಕಿತ್ತು. ಗಡಿ ದಾಟುವ ಗಳಿಗೆಯಲ್ಲಿ ಮಗುವಿನ ಕೈಯಲ್ಲಿದ್ದದ್ದು ಪಾಲಕತ್ವದ ಆದೇಶವೊಂದೇ. ಇಲ್ಲಿಂದ ನನ್ನ ಮುಖ್ಯ ಮಾತು ಹೊರಡುತ್ತದೆ: ಕಫಾಲಕ್ಕೆ ಹತ್ತಿರವಾದ ಒಂದು ಸಾಧನವನ್ನು, ಗಡಿಯಾಚೆಯ ಮೇಲ್ವಿಚಾರಣೆಯ ಸಮೇತ, ನಮ್ಮ ಸರ್ವೋಚ್ಚ ನ್ಯಾಯಾಲಯ 1984ರಲ್ಲೇ ರೂಪಿಸಿತ್ತು. ಅದನ್ನು ವಿದೇಶಿಯರಿಗಾಗಿ ರೂಪಿಸಲಾಯಿತು, ಅಗತ್ಯವಿದ್ದ ಸ್ವದೇಶಿ ಸಮುದಾಯಕ್ಕೆ ವಿಸ್ತರಿಸಲಿಲ್ಲ. ನ್ಯಾಯಾಲಯದ ಮುಂದೆ ಅಂದು ಇದ್ದದ್ದು ಕಫಾಲದ ಪ್ರಶ್ನೆಯಲ್ಲ ಎಂಬುದು ನಿಜ. ಹೋಲಿಕೆ ಇರುವುದು ಸಾಧನದಲ್ಲಿ, ಉದ್ದೇಶದಲ್ಲಿ ಅಲ್ಲ.

ಈ ಹೋಲಿಕೆಗೆ ಬಲವಾದ ಆಕ್ಷೇಪವೊಂದಿದೆ: ಪಾಂಡೆ ತೀರ್ಪಿನಲ್ಲಿ ಪಾಲಕತ್ವ ಬರೀ ಸೇತುವೆ, ಕೊನೆಗೆ ತಲುಪಬೇಕಿದ್ದದ್ದು ದತ್ತುವನ್ನೇ. ಕಫಾಲದಲ್ಲಾದರೆ ಪಾಲಕತ್ವವೇ ಕೊನೆ. ಮಗು ವಯಸ್ಕವಾದ ದಿನ ಪಾಲಕತ್ವ ಬಿದ್ದುಹೋಗುತ್ತದೆ, ಉತ್ತರಾಧಿಕಾರವಿಲ್ಲದೆ ಮಗು ಬರಿಗೈಯಲ್ಲಿ ನಿಲ್ಲುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಮುಸ್ಲಿಂ ಕಾನೂನಿನ ಒಳಗೇ ಇದಕ್ಕೆ ಭಾಗಶಃ ಪರಿಹಾರಗಳಿವೆ. ವಾರಸುದಾರನಲ್ಲದವನಿಗೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು, ಬದುಕಿರುವಾಗ ಹಿಬಾ ಮೂಲಕ ಕೊಡುವುದಕ್ಕೆ ಆ ಮಿತಿಯೂ ಇಲ್ಲ. ಮನೆಯೊಳಗಿನ ಪರದೆಯ ತೊಡಕಿಗೆ ಸ್ತನ್ಯಪಾನದ ಬಾಂಧವ್ಯ ಉತ್ತರ ಕೊಡುತ್ತದೆ. ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿ ಪಂಥದಲ್ಲಿ, ಮಗುವಿಗೆ ಎರಡು ವರ್ಷ ತುಂಬುವ ಮೊದಲು ಐದು ಬಾರಿ ಹಾಲೂಡಿದರೆ ಊಡಿದವಳು ತಾಯಿಯ ಸ್ಥಾನಕ್ಕೆ ಬರುತ್ತಾಳೆ. ಆದರೆ ಆ ಎರಡು ವರ್ಷದ ಗಡುವನ್ನು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಸರದಿಯ ಪಕ್ಕದಲ್ಲಿಟ್ಟು ನೋಡಬೇಕು. ತ್ಯಜಿಸಲ್ಪಟ್ಟ ಶಿಶುವನ್ನು ದತ್ತುವಿಗೆ ಮುಕ್ತವೆಂದು ಘೋಷಿಸಲು ಮಕ್ಕಳ ಕಲ್ಯಾಣ ಸಮಿತಿಗೆ ಕಾಯ್ದೆ ಕೊಡುವ ಅವಧಿಯೇ ಎರಡು ತಿಂಗಳು. ಆಮೇಲೆ ಹೊಂದಾಣಿಕೆ, ಗೃಹ ಅಧ್ಯಯನ ವರದಿ, ನಿರಾಕ್ಷೇಪಣಾ ಪತ್ರ, ಆದೇಶ, ಪಾಸ್‌ಪೋರ್ಟ್. ಗಡಿಯಾಚೆಗೆ ಹೋಗುವ ಮಕ್ಕಳಲ್ಲಿ ಹೆಚ್ಚಿನವರು ಶಿಶುಗಳಲ್ಲ. ಶ್ರದ್ಧೆ ತಾನೇ ತೆರೆದಿಟ್ಟ ಬಾಗಿಲು ಕಚೇರಿಯ ವಿಳಂಬದಿಂದ ಮುಚ್ಚಿಹೋಗುತ್ತದೆ. ಧರ್ಮವನ್ನು ದೂರುವವರು ಈ ಲೆಕ್ಕವನ್ನು ಹಾಕಿದಂತೆ ಕಾಣುವುದಿಲ್ಲ.

ಬಾಲನ್ಯಾಯ ಕಾಯ್ದೆಯಲ್ಲಿ ಸಾಕು ಪಾಲನೆಗೆ ಅವಕಾಶ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಅದು ದೇಶದೊಳಗಿನ ಏರ್ಪಾಡು. ದುಬೈಗೆ ಹೋಗುವ ಮಗುವಿಗೆ ಅದರಿಂದ ಉಪಯೋಗವಿಲ್ಲ. ಇನ್ನು ವಕಾಲತ್ತಿನ ವಿಷಯ. ಶಬನಂ ಹಾಶ್ಮಿ ಪ್ರಕರಣದಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಕಫಾಲವನ್ನು ವಿವರಿಸಿ, ಮುಸ್ಲಿಂ ಮಗುವನ್ನು ದತ್ತುವಿಗೆ ಮುಕ್ತವೆಂದು ಘೋಷಿಸುವ ಮುನ್ನ ಇಸ್ಲಾಮಿನ ತತ್ವಗಳನ್ನು ಪರಿಗಣಿಸಬೇಕೆಂದು ಕೇಳಿತು. ಮಂಡಳಿಯ ಬಳಿ ಒಳ್ಳೆಯ ಸಾಮಗ್ರಿಯಿತ್ತು. ಅದನ್ನು ಕಫಾಲಕ್ಕೆ ಶಾಸನದ ಮಾನ್ಯತೆ ಬೇಕೆಂಬ ಬೇಡಿಕೆಯಾಗಿ ಮುಂದಿಡದೆ ದತ್ತುವಿಗೆ ತಡೆಯಾಗಿ ಮುಂದಿಟ್ಟದ್ದು, ನನ್ನ ಅಂದಾಜಿನಲ್ಲಿ, ತಪ್ಪಿದ ಹೆಜ್ಜೆ. ಎದುರು ಪಕ್ಷದ ವಾದವೂ ಎಲ್ಲರಿಗೂ ಒಂದೇ ದತ್ತು ಎಂಬಲ್ಲಿಂದ ಕದಲಲಿಲ್ಲ. 1972ರಲ್ಲಿ ಮೊದಲಾದ ‘ಪೂರ್ತಿ ಅಥವಾ ಏನೂ ಇಲ್ಲ’ ಎಂಬ ಜಗಳವೇ 2014ರಲ್ಲಿ ಮತ್ತೆ ನಡೆಯಿತು.

ಇತ್ಯರ್ಥವಾಗದೆ ಉಳಿದ ಅಂಶವೊಂದಿದೆ. 2021ರ ತಿದ್ದುಪಡಿ ದತ್ತು ಆದೇಶದ ಅಧಿಕಾರವನ್ನು ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗಾಯಿಸಿ, 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಕಾಟಿಪಳ್ಳದವರ ಕಡತ ಈಗ ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ. ಇದರಿಂದ ಕೆಲಸ ಬೇಗ ಆಗಬಹುದು. ಆದರೆ ನ್ಯಾಯಾಲಯದ ಡಿಕ್ರಿಗೆ ಸಿಗುವ ಮನ್ನಣೆ ಆಡಳಿತಾಧಿಕಾರಿಯ ಆದೇಶಕ್ಕೂ ಕೊಲ್ಲಿ ರಾಷ್ಟ್ರಗಳಲ್ಲಿ ಸಿಗುತ್ತದೆಯೇ ಎಂಬುದನ್ನು ಆ ದೇಶಗಳ ಕಡತಗಳನ್ನು ನೋಡಿಯೇ ಹೇಳಬೇಕು. ಆ ಅಧ್ಯಯನ ಆಗಬೇಕಾಗಿದೆ. ಭಾರತ 1992ರ ಡಿಸೆಂಬರ್ 11ರಂದು ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿ, ಕುಟುಂಬವಿಲ್ಲದ ಮಗುವಿನ ಆರೈಕೆಯ ಬಗೆಗಳಲ್ಲಿ ದತ್ತು ಮತ್ತು ಇಸ್ಲಾಮೀ ಕಾನೂನಿನ ಕಫಾಲ ಎರಡನ್ನೂ ಒಂದೇ ವಾಕ್ಯದಲ್ಲಿ ಹೆಸರಿಸುತ್ತದೆ. ಅದೇ ಒಡಂಬಡಿಕೆಯನ್ನು ಪೀಠಿಕೆಯಲ್ಲಿ ನೆನೆಯುವ 2015ರ ಬಾಲನ್ಯಾಯ ಕಾಯ್ದೆಯ ಒಂದು ಕಲಮಿನಲ್ಲೂ ಕಫಾಲದ ಹೆಸರಿಲ್ಲ.