ಲೆಕ್ಕಪತ್ರಗಳ ಪ್ರತಿರಕ್ಷಣೆ: ಬೆಳ್ವೊಲದ ಶಾಸನಗಳಿಂದ ಅಂತರ್ಜಾಲದ ವರೆಗೆ

ದಾಖಲೆಯ ಮೂಲವು ನಾಶವಾದಾಗ ಅದರಲ್ಲಿ ನಮೂದಿಸಿದ ಹಕ್ಕು ಉಳಿಯುವದೋ ಅಳಿಯುವದೋ ಎಂಬ ಪ್ರಶ್ನೆ ಹೊಸದಲ್ಲ. ಹುಬ್ಬಳ್ಳಿಯ ವ್ಯಾಪಾರಸ್ಥನು ಇಂದು ತನ್ನ ಲೆಕ್ಕದ ಪ್ರತಿಯನ್ನು ಅಂತರ್ಜಾಲದ ಮೂಲಕ ದೂರದ ಸರ್ವರಿಗೆ ಕಳಿಸುವದೂ ಈ ಪ್ರಶ್ನೆಗೆ ಕೊಡುವ ಒಂದು ಉತ್ತರವೇ ಆಗಿದೆ. ಇದೇ ಪ್ರಶ್ನೆಯನ್ನು ಬೆಳ್ವೊಲ ಮುನ್ನೂರರ ಅಧಿಕಾರಿಗಳು ಸುಮಾರು 950 ವರ್ಷಗಳ ಹಿಂದೆ ಎದುರಿಸಿದ್ದರು.

ನಮ್ಮಲ್ಲಿ ನಿತ್ಯದ ಲೆಕ್ಕಕ್ಕೆ ಕಡತವು ಬಳಕೆಯಲ್ಲಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದೆಂಬುದೇ ಅದರ ಗುಣ. ಅದೇ ಅದರ ದೋಷವೂ ಹೌದು. ಆದ್ದರಿಂದ ಚಿರಕಾಲ ನಿಲ್ಲಬೇಕಾದುದನ್ನು ತಾಮ್ರಕ್ಕೂ ಶಿಲೆಗೂ ಒಪ್ಪಿಸಿದರು. ಕಚೇರಿಯ ಫೈಲನ್ನು ನಾವು ಇಂದಿಗೂ ಕಡತವೆಂದೇ ಕರೆಯುವದು ವಿನೋದದ ಸಂಗತಿ.

ಈಗಿನ ಗದಗ ಜಿಲ್ಲೆಯ ಗಾವರವಾಡದಲ್ಲಿ ಕಲ್ಯಾಣದ ಚಾಲುಕ್ಯ ಇಮ್ಮಡಿ ಸೋಮೇಶ್ವರನ ಕಾಲದ, ಶಕ 993ರ (ಕ್ರಿ. ಶ. 1071-72) ಶಾಸನವೊಂದು ದೊರೆತಿದೆ. ಗಂಗ ಬೂತುಗನು ಅಣ್ಣಿಗೇರಿಯಲ್ಲಿ ಕಟ್ಟಿಸಿದ ಬಸದಿಯ ವೃತ್ತಾಂತವು ಅದರಲ್ಲಿದೆ. ಚೋಳನು ಬೆಳ್ವೊಲಕ್ಕೆ ನುಗ್ಗಿ ಬಸದಿಗಳನ್ನು ಸುಟ್ಟನೆಂದೂ, ಬಳಿಕ ಮೊದಲನೆಯ ಸೋಮೇಶ್ವರನೊಡನೆ ಕಾದಿ ರಣದಲ್ಲಿ ಮಡಿದನೆಂದೂ ಅದು ಹೇಳುತ್ತದೆ. ಈ ಚೋಳನು ಕೊಪ್ಪಂ ಯುದ್ಧದಲ್ಲಿ, 1054ರ ಸುಮಾರಿಗೆ, ಮಡಿದ ರಾಜಾಧಿರಾಜನೆಂಬುದು ವಿದ್ವಾಂಸರ ಮತ. ಮುಂದೆ ಬೆಳ್ವೊಲವನ್ನು ಆಳುತ್ತಿದ್ದ ಲಕ್ಷ್ಮರಸನು ಬಸದಿಯ ಪೂರ್ವದತ್ತಿಗಳನ್ನು ಊರ್ಜಿತಗೊಳಿಸಿದನು. ಬಸದಿ ಒಂದೂರಿನಲ್ಲಿ, ಶಾಸನ ಇನ್ನೊಂದೂರಿನಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ದತ್ತಿಯ ವಿವರವೆಲ್ಲ ಸುಟ್ಟ ಗೋಡೆಗಳೊಳಗೇ ಇದ್ದಿದ್ದರೆ ಈ ಜೀರ್ಣೋದ್ಧಾರವು ಬರಿಯ ಕಟ್ಟಡಕ್ಕೆ ಸೀಮಿತವಾಗುತ್ತಿತ್ತೆಂದು ನನ್ನ ಅಭಿಪ್ರಾಯ.

ಆದರೆ ಪ್ರತಿ ಇದ್ದ ಮಾತ್ರಕ್ಕೆ ಕಾರ್ಯ ಮುಗಿಯಿತೆಂದಲ್ಲ. ಲಕ್ಷ್ಮೇಶ್ವರದ ಒಂದು ಶಿಲಾಫಲಕದ ಮೇಲೆ ಗಂಗ ಮಾರಸಿಂಹನ ಶಕ 890ರ ಶಾಸನದ ಜತೆಗೆ ಬಾದಾಮಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಶಕ 656ರ ದತ್ತಿಯೂ ಕೊರೆಯಲ್ಪಟ್ಟಿದೆ. ಲಿಪಿಯು ಎಂಟನೆಯ ಶತಮಾನದ್ದಲ್ಲ, ಬಹಳ ಈಚಿನದು. ಇದು ನಿಜವಾದ ಮೂಲದ ನಕಲೋ, ಹಕ್ಕು ಸ್ಥಾಪಿಸಲು ಹುಟ್ಟಿಸಿದ್ದೋ ಎಂಬ ಶಂಕೆಯನ್ನು ಫ್ಲೀಟರು ಎತ್ತಿದರು. ಮೂಲದೊಡನೆ ತಾಳೆ ನೋಡುವ ಸಾಧನವಿಲ್ಲದ ಪ್ರತಿಗೆ ಇದೇ ಗತಿ. ತಾಮ್ರಪಟಗಳ ಬಳೆಗೆ ರಾಜಮುದ್ರೆಯನ್ನು ಬೆಸೆಯುತ್ತಿದ್ದುದು ಇದಕ್ಕಾಗಿಯೇ.

ಇಂದಿನ ವಿಧಾನವನ್ನು ಈ ಬೆಳಕಿನಲ್ಲಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ. ಮೊದಲ ಸಲ ಸಂಪೂರ್ಣ ಪ್ರತಿಯೂ, ಅನಂತರ ಬದಲಾದ ಭಾಗಗಳು ಮಾತ್ರವೂ ದೂರದ ಸರ್ವರಿಗೆ ಹೋಗುತ್ತವೆ. ಹೊರಡುವ ಮೊದಲೇ ಅವು ಗೂಢಲಿಪಿಗೆ ಮಾರ್ಪಡುತ್ತವೆ. ಅದನ್ನು ಬಿಚ್ಚುವ ಕೀಲಿ ಒಡೆಯನ ಬಳಿಯಲ್ಲಿ ಮಾತ್ರ ಇದ್ದು ಕಳೆದುಹೋದರೆ ಸರ್ವರಿನವನೂ ಓದಿಕೊಡಲಾರನು. ಪ್ರತಿಯೊಂದು ಭಾಗಕ್ಕೂ ಹ್ಯಾಶ್ ಎಂಬ ಅಂಕಮುದ್ರೆಯನ್ನು ಲೆಕ್ಕಹಾಕಿ ಇಡುತ್ತಾರೆ. ಒಂದು ಅಕ್ಷರ ಬದಲಾದರೂ ಮುದ್ರೆ ಹೊಂದದು. ಹಳೆಯ ಆವೃತ್ತಿಗಳನ್ನು ನಿಗದಿತ ಅವಧಿಯ ವರೆಗೆ ಯಾರೂ ಅಳಿಸಲಾಗದಂತೆ ಬಂಧಿಸಿಡುವದೂ ಉಂಟು: ಒಂದು ಕಡತ, ಇನ್ನೊಂದು ಶಿಲೆ. ಸುಲಿಗೆಯ ತಂತ್ರಾಂಶಗಳು ಗಣಕಕ್ಕೆ ಜೋಡಿಸಿದ ಪ್ರತಿಗಳನ್ನೂ ಕೆಡಿಸುವದರಿಂದ ಈ ಎರಡನೆಯದು ಅನಿವಾರ್ಯ.

ದಿಲ್ಲಿಯ ಏಮ್ಸ್ ಆಸ್ಪತ್ರೆಯು 2022ರ ನವೆಂಬರಿನಲ್ಲಿ ಇಂಥ ದಾಳಿಗೆ ತುತ್ತಾಗಿ ಕೆಲವು ದಿನ ಕೈಬರಹದಲ್ಲೇ ಕೆಲಸ ಸಾಗಿಸಿತು. ಕೊನೆಗೆ ಅದರ ಇ-ಹಾಸ್ಪಿಟಲ್ ದಾಖಲೆಗಳನ್ನು ಹಿಂದಿರುಗಿಸಿದ್ದು ದಾಳಿ ತಟ್ಟದೆ ಉಳಿದ ಒಂದು ಬ್ಯಾಕಪ್ ಸರ್ವರು. ಕಂಪನಿಗಳ ಮಟ್ಟಿಗೆ ಇದು ಕಾನೂನಿನ ವಿಷಯವೂ ಆಗಿದೆ. ಗಣಕದಲ್ಲಿಟ್ಟ ಲೆಕ್ಕದ ಪ್ರತಿಯು ಭಾರತದೊಳಗಿನ ಸರ್ವರಿನಲ್ಲಿರಬೇಕೆಂದು 2014ರ ನಿಯಮವು ವಿಧಿಸಿತು. 2022ರ ತಿದ್ದುಪಡಿಯು ಅದನ್ನು ದಿನಂಪ್ರತಿ ಮಾಡಬೇಕೆಂದಿತು. ಅಮರಗೋಳದ ಮಾರುಕಟ್ಟೆಯ ದಲಾಲಿ ಅಂಗಡಿಯು ಕಂಪನಿಯಲ್ಲದಿರಬಹುದು, ಆದರೆ ರೈತನಿಗೆ ಸಲ್ಲಬೇಕಾದ ಹಣದ ಲೆಕ್ಕ ಅದರಲ್ಲಿದೆ.

ಪ್ರತಿಯನ್ನು ಬೇರೆ ಗಣಕದಲ್ಲಿ ನಿಜವಾಗಿ ತೆರೆದು, ಶಿಲ್ಕು ಹೊಂದುವದೋ, ಎಷ್ಟು ತಾಸು ಹಿಡಿಯುವದೋ ನೋಡುವ ಪದ್ಧತಿ ಮಾತ್ರ ವಿರಳ. ನಮ್ಮ ವರ್ತಕರು ದೀಪಾವಳಿಗೆ ಹೊಸ ಖಾತೆಯನ್ನು ಪೂಜಿಸುತ್ತಾರೆ. ಹಿಂದಿನ ವರ್ಷದ ಖಾತೆಯನ್ನು ದೂರದ ಪ್ರತಿಯಿಂದ ತರಿಸಿ ತಾಳೆ ನೋಡಲು ಅದರ ಹಿಂದಿನ ವಾರವು ಅನುಕೂಲವಾದದ್ದು.