ಪಾತಾಳಗರಡಿಗೆ ಇಟ್ಟ ಚೊಂಬು

ನಮ್ಮ ಅಡುಗೆಮನೆಯ ಸಜ್ಜೆಯ ಮೇಲೆ ಒಂದು ತಾಮ್ರದ ಚೊಂಬಿದೆ. ಅದು ನಮ್ಮದಲ್ಲ. ಹಳ್ಳಿಯಿಂದ ಯಲಹಂಕದ ಹಳೇ ಊರಿಗೆ, ಅಲ್ಲಿಂದ ಆರ್.ಟಿ. ನಗರದ ಬಾಡಿಗೆ ಮನೆಗೆ, ಮತ್ತೆ ಯಲಹಂಕ ಉಪನಗರಕ್ಕೆ ನಾವು ಗಂಟುಮೂಟೆ ಕಟ್ಟಿದಾಗಲೆಲ್ಲ ಅದೂ ಜೊತೆಗೆ ಬಂದಿದೆ. ಒಮ್ಮೆ ನಾನು ಅದರಲ್ಲಿ ತುಳಸಿ ಸಸಿ ನೆಡಲು ಹೋದಾಗ ಅಮ್ಮ, "ಬ್ಯಾಡ ಕಣಪ್ಪ, ಅದು ಬ್ಯಾರೇರ ವಸ್ತು" ಎಂದು ಕೈಯಿಂದ ಕಸಿದುಕೊಂಡಿದ್ದಳು. ಯಾರದು ಎಂದು ಕೇಳಿದರೆ, "ಪಾತಾಳಗರಡಿಗೆ ಇಟ್ಟಿದ್ದು" ಎಂದಷ್ಟೇ ಉತ್ತರ.

ಇದನ್ನು ಓದುತ್ತಿರುವ ಎಳೆಯರಲ್ಲಿ ಅನೇಕರು ಪಾತಾಳಗರಡಿಯನ್ನು ನೋಡಿರಲಿಕ್ಕಿಲ್ಲ. ಕಬ್ಬಿಣದ ಒಂದು ಬಳೆ, ಅದರ ಸುತ್ತ ಜೋತುಬಿದ್ದ ಕೊಕ್ಕೆಗಳು, ನೋಡಲು ದೊಡ್ಡ ಬೀಗದ ಕೈ ಗೊಂಚಲಿನ ಹಾಗೆ. ಸೇದುವಾಗ ಹಗ್ಗ ಹರಿದು ಬಿಂದಿಗೆ ಬಾವಿ ಪಾಲಾದರೆ ಗರಡಿಯನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಸಿ ಮೆಲ್ಲಗೆ ಆಚೀಚೆ ಎಳೆಯುತ್ತಿದ್ದರು. ಕಣ್ಣಿಗೆ ಏನೂ ಕಾಣುವುದಿಲ್ಲ. ಕೊಕ್ಕೆ ಕಚ್ಚಿತೋ ಇಲ್ಲವೋ ಎಂಬುದು ಕೈಗೆ ಮಾತ್ರ ತಿಳಿಯಬೇಕು. ಒಂದು ಮನೆಗೆ ವರ್ಷಕ್ಕೆ ಒಂದೋ ಎರಡೋ ಸಲ ಬೇಕಾಗುವ ವಸ್ತು, ಹಾಗಾಗಿ ಊರಿಗೆ ಒಂದಿದ್ದರೆ ಸಾಕು. ನಮ್ಮೂರಿನದು ನಮ್ಮಜ್ಜನ ಮನೆಯಲ್ಲಿತ್ತು. ಕೇಳಿದವರಿಗೆ ಇಲ್ಲ ಎನ್ನುತ್ತಿರಲಿಲ್ಲ, ಆದರೆ ಗರಡಿ ಒಯ್ಯುವವರು ಒಂದು ಪಾತ್ರೆ ಇಟ್ಟು ಹೋಗಬೇಕಿತ್ತು. "ಚೊಂಬು ಮಡಗಿ ತಗಂಡೋಗಪ್ಪ" ಎನ್ನುತ್ತಿದ್ದಳಂತೆ ಅಜ್ಜಿ, ಬಂದವನು ಸ್ವಂತ ತಮ್ಮನೇ ಆದರೂ.

ಆ ಕಾಲದಲ್ಲಿ ಎಲ್ಲರೂ ಎಲ್ಲವನ್ನೂ ನಂಬಿಕೆಯ ಮೇಲೆ ಕೊಡುತ್ತಿದ್ದರು ಎಂದು ಬರೆಯುವವರಿದ್ದಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ನಂಬಿಕೆ ಇರಲಿಲ್ಲವೆಂದಲ್ಲ, ಅದರ ಪಕ್ಕದಲ್ಲೇ ಒಂದು ಚೊಂಬೂ ಇರುತ್ತಿತ್ತು. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಪಾತ್ರೆ ಅಂಗಡಿಗಳಲ್ಲಿ ಇವತ್ತಿಗೂ ಹೊಸ ಪಾತ್ರೆಯ ಮೇಲೆ ಹೆಸರು ಹೊಡೆದುಕೊಡುತ್ತಾರಲ್ಲ, ಆ ಹೆಸರು ಮನೆಯೊಳಗಿನವರು ಓದಲೆಂದಲ್ಲ. ಮದುವೆಗೋ ತಿಥಿಗೋ ನೆರೆಮನೆಗೆ ಹೋದ ಹಂಡೆ ಮತ್ತೆ ದಾರಿ ಹಿಡಿದು ಮನೆಗೆ ಬರಲೆಂದು.

ನಮ್ಮ ಭಾಷೆಯಂತೂ ಈ ವಿಷಯದಲ್ಲಿ ಬಲು ಲೆಕ್ಕಾಚಾರದ್ದು. ನಮ್ಮ ಮನೆಯಲ್ಲಿ ಸಕ್ಕರೆ, ಕಾಫಿಪುಡಿ ತಂದರೆ ಅದು 'ಕಡ', ಅಷ್ಟೇ ಅಳತೆಯ ಬೇರೆ ಸಕ್ಕರೆ ಕೊಟ್ಟರೆ ತೀರಿತು. ಗುದ್ದಲಿ, ಗಡಾರಿ, ಏಣಿ ತಂದರೆ 'ಎರವಲು', ತಂದ ಅದೇ ವಸ್ತು ಹೋಗಬೇಕು. ದುಡ್ಡು 'ಸಾಲ'. ಈ ಭೇದವನ್ನು ಶಾಸ್ತ್ರಕಾರರೂ ಗಮನಿಸಿದ್ದರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವಿಚಾರಕ್ಕೆ ಅದು ಹೆಸರಾಗಿದೆ. ಆದರೆ ಅದರಲ್ಲಿ 'ಯಾಚಿತ' ಎಂಬ ಸಣ್ಣ ಪ್ರಸ್ತಾಪವೂ ಇದೆ. ಮದುವೆ ಮುಂತಾದ ಉತ್ಸವಗಳಿಗೆಂದು ಕೇಳಿ ತಂದ ಬಟ್ಟೆ, ಒಡವೆಗಳು ಎಂದು ಆತ ಆ ಮಾತನ್ನು ಬಿಡಿಸುತ್ತಾನೆ. ಕೇಳಿ ತಂದದ್ದು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ತಂದವನ ಮೇಲೆ ಹೊಣೆಯಿಲ್ಲ. ಆದರೆ ಕೊಟ್ಟವನು ವಾಪಸ್ ಕೇಳಿದ ಮೇಲೂ ಕೊಡದೆ ಇಟ್ಟುಕೊಂಡು, ಆಮೇಲೆ ಅದು ನಷ್ಟವಾದರೆ, ವಸ್ತುವಿನ ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ತೆರಬೇಕು. ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ ಎನ್ನುವ ನೆರೆಯವನನ್ನು ವಿಜ್ಞಾನೇಶ್ವರನೂ ಕಂಡಿದ್ದನೇನೋ.

ಅಡವಿನ ಬಗ್ಗೆಯೂ ಅಲ್ಲಿ ಮಾತಿದೆ. ಬಳಸಬಹುದಾದ ಅಡವು ಒಂದು ಬಗೆ, ಕಾಪಾಡಿ ಇಡಬೇಕಾದ ಅಡವು ಇನ್ನೊಂದು. ಎರಡನೆಯದನ್ನು ಬಳಸಿದ ಸಾಲಿಗನಿಗೆ ಬಡ್ಡಿ ಕೇಳುವ ಹಕ್ಕು ಹೋಗುತ್ತದೆ. ಓದು ಬರಹ ಬಾರದ ನನ್ನ ಅಮ್ಮ ತುಳಸಿ ಸಸಿಯನ್ನು ತಡೆದದ್ದು ಈ ಎರಡನೆಯ ಲೆಕ್ಕದಲ್ಲಿ.

1872ರ ಭಾರತೀಯ ಒಪ್ಪಂದ ಕಾಯಿದೆಯಲ್ಲೂ ಎರವಲಿಗೆ ಜಾಗವಿದೆ. ತಂದವನು ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು ಎನ್ನುತ್ತದೆ 151ನೇ ಕಲಮು. 159ನೆಯದು ನನಗೆ ಇನ್ನೂ ಇಷ್ಟ. ಬಿಟ್ಟಿಯಾಗಿ ಎರವಲು ಕೊಟ್ಟವನು, ಇಷ್ಟು ದಿನಕ್ಕೆ ಎಂದು ಮಾತಾಗಿದ್ದರೂ, ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಆದರೆ ಆ ಮಾತನ್ನು ನಂಬಿ ಕೆಲಸಕ್ಕಿಳಿದವನಿಗೆ ನಡುವೆಯೇ ಕಿತ್ತುಕೊಂಡದ್ದರಿಂದ ಬಂದ ಲಾಭಕ್ಕಿಂತ ಹೆಚ್ಚು ನಷ್ಟವಾದರೆ, ಆ ಹೆಚ್ಚಿನದನ್ನು ಕೊಟ್ಟವನೇ ತುಂಬಿಕೊಡಬೇಕು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕೂರಿಗೆ.

ಯಲಹಂಕ, ಹೆಬ್ಬಾಳ, ಜಕ್ಕೂರಿನ ಸುತ್ತ ಇವತ್ತು ಅಪಾರ್ಟ್‌ಮೆಂಟು ಎದ್ದಿರುವ ನೆಲದಲ್ಲಿ ಹಿಂದೆ ಮಳೆ ನಂಬಿದ ರಾಗಿ ಹೊಲಗಳಿದ್ದವು. 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರು ಕಡೆಯ ರಾಗಿ ಬೇಸಾಯವನ್ನು ವಿವರವಾಗಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ನಮ್ಮ ಕೂರಿಗೆ ಹೆಸರು ಸಮೇತ ಬರುತ್ತದೆ. ಬಟ್ಟಲಿಗೆ ಬೀಜ ಹಾಕಿದರೆ ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲುಸಾಲಾಗಿ ಮಣ್ಣು ಸೇರುತ್ತದೆ. ಹಿಂದೆ ಕಟ್ಟಿದ ಇನ್ನೊಂದು ಕೊಳವೆಯಲ್ಲಿ ಅವರೆಯದೋ ಜೋಳದ್ದೋ ಅಕ್ಕಡಿ ಸಾಲು. ನೇಗಿಲು ಎಲ್ಲ ಒಕ್ಕಲು ಮನೆಯಲ್ಲೂ ಇರುತ್ತಿತ್ತು, ಕೂರಿಗೆ ಇರುತ್ತಿರಲಿಲ್ಲ. ಅದನ್ನು ಮಾಡಲು ನುರಿತ ಬಡಗಿ ಬೇಕು, ಬಳಸುವುದೋ ವರ್ಷಕ್ಕೆ ನಾಲ್ಕು ದಿನ.

ತೊಡಕಿರುವುದು ಆ ನಾಲ್ಕು ದಿನದಲ್ಲೇ. ಮಳೆ ಬಿದ್ದು ಹದವಾಯಿತು ಎಂದರೆ ಊರಿಗೆಲ್ಲ ಒಟ್ಟಿಗೇ ಹದ. ಕೂರಿಗೆ ಎಲ್ಲರಿಗೂ ಅದೇ ಬೆಳಿಗ್ಗೆಯೇ ಬೇಕು. ಗಡಾರಿಯಾದರೆ ಇವತ್ತಲ್ಲದಿದ್ದರೆ ನಾಳೆ ನಡೆಯುತ್ತದೆ. ಆದ್ದರಿಂದ ಕೂರಿಗೆ ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂಬುದನ್ನು ಹಿಂಬಾಲಿಸಿದರೆ ಊರಿನ ಒಳಗಿನ ನಕ್ಷೆ ಸಿಗುತ್ತದೆ. ಮೊದಲು ಕೂರಿಗೆಯವರದೇ ಹೊಲ, ಆಮೇಲೆ ದಾಯಾದಿಗಳು, ಆಮೇಲೆ ಮುಯ್ಯಾಳಿಗೆ ಮುಯ್ಯಾಳು ಬರುವ ಮನೆಗಳು, ಕೊನೆಗೆ ಬದಲಿಗೆ ಕೊಡಲು ತಮ್ಮ ಮೈ ಬಿಟ್ಟರೆ ಬೇರೇನೂ ಇಲ್ಲದವರು. ಅವರ ಸರದಿ ಬರುವ ಹೊತ್ತಿಗೆ ಮಣ್ಣು ಒಣಗಿರುತ್ತಿತ್ತು. ಕೊಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ಕೊಟ್ಟಿದ್ದಾರೆ. ಫಸಲು ಮಾತ್ರ ಅರ್ಧ.

ನಾವು ಹಳ್ಳಿ ಬಿಟ್ಟು ಯಲಹಂಕಕ್ಕೆ ಬಂದಾಗ ಎರವಲಿನ ವಸ್ತುಗಳೂ ಬದಲಾದವು. ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಜಾಲಹಳ್ಳಿಗೆ ಬಂದಿದ್ದವು. 1984ರಲ್ಲಿ ಯಲಹಂಕದಲ್ಲೇ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ ಶುರುವಾಯಿತು. ಯಶವಂತಪುರದಿಂದ ಯಲಹಂಕದವರೆಗೆ ಬೀದಿಗೊಬ್ಬರಾದರೂ ಕಾರ್ಖಾನೆಗೆ ಹೋಗುವವರು, ಅವರ ಮನೆಯಲ್ಲಿ ಸ್ಪ್ಯಾನರು, ಕೈ ಡ್ರಿಲ್ಲು. ನಮ್ಮ ಎದುರು ಮನೆಯ ಮಾವ ಸ್ಪ್ಯಾನರನ್ನು ಕೇಳಿದವರಿಗೆ ಕೊಡುತ್ತಿರಲಿಲ್ಲ. "ನಡಿ, ನಾನೇ ಬರ್ತೀನಿ" ಎಂದು ಅಂಗಿ ತೊಟ್ಟು ಹೊರಡುತ್ತಿದ್ದರು. ಸಣ್ಣವನಿದ್ದಾಗ ಅದು ಜಿಪುಣತನ ಎನಿಸುತ್ತಿತ್ತು. ಅಳತೆ ತಪ್ಪಿದ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆಯೂ ಸ್ಪ್ಯಾನರಿನ ಬಾಯಿಯೂ ಸವೆಯುತ್ತವೆ ಎಂದು ಅವರೇ ಮುಂದೆ ತೋರಿಸಿಕೊಟ್ಟರು. ಅವರು ಕಾರ್ಖಾನೆಯ ಟೂಲ್ ಸ್ಟೋರಿನ ಪದ್ಧತಿಯನ್ನೂ ಹೇಳುತ್ತಿದ್ದರು. ಪ್ರತಿ ಕೆಲಸಗಾರನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳಿರುತ್ತವೆ. ಹತ್ಯಾರು ತೆಗೆದುಕೊಂಡರೆ ಅದು ನೇತಾಡುತ್ತಿದ್ದ ಮೊಳೆಗೆ ತನ್ನ ಬಿಲ್ಲೆ ನೇತುಹಾಕಬೇಕು, ಹತ್ಯಾರು ಮರಳಿದಾಗ ಬಿಲ್ಲೆ ಮರಳುತ್ತದೆ. ಅಮ್ಮ ಇದನ್ನು ಕೇಳಿ, "ಅಯ್ಯೋ, ನಮ್ಮತ್ತೆ ಚೊಂಬು ಇಸ್ಕೊತಿದ್ದಂಗೇ ಆಯ್ತಲ್ಲ" ಎಂದು ನಕ್ಕಿದ್ದಳು.

ಈಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ಯಾರದ್ದಾದರೂ ಪ್ರಶ್ನೆ ಬರುತ್ತದೆ: ಡ್ರಿಲ್ಲಿಂಗ್ ಮಷೀನ್ ಇದೆಯಾ, ಏಣಿ ಇದೆಯಾ. ಉತ್ತರ ಬರುವುದೂ ಉಂಟು. ಅಮೆರಿಕದ ಬರ್ಕ್ಲಿಯಲ್ಲಿ 1979ರಿಂದ ಸಾರ್ವಜನಿಕ ಗ್ರಂಥಾಲಯವೇ ಪುಸ್ತಕದಂತೆ ಹತ್ಯಾರುಗಳನ್ನೂ ಎರವಲು ಕೊಡುತ್ತಿದೆ. ಕಾರ್ಡು ತೋರಿಸಿದರಾಯಿತು, ನೀವು ಯಾರ ಪೈಕಿ ಎಂದು ಕೇಳುವವರಿಲ್ಲ. ಈ ಮಾತು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚೊಂಬಿನ ಕತೆಯನ್ನು ಅಷ್ಟು ಹೊತ್ತಿಗೆ ಅಮ್ಮ ಪೂರ್ತಿ ಹೇಳಿದ್ದಳು.

ಆ ಕತೆಗೆ ಮೊದಲು ನೀರಿನ ಮಾತು ಹೇಳಬೇಕು. ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ನಲ್ಲಿ ನೀರು ಬಂದದ್ದು 1896ರಲ್ಲಿ, ಕಾವೇರಿಯ ಮೊದಲ ಹಂತ ಬಂದದ್ದು 1974ರಲ್ಲಿ. ಹೆಸರಘಟ್ಟದ ನೀರು ಹರಿದದ್ದು ಪೇಟೆಗೆ ಮತ್ತು ದಂಡಿಗೆ. ಅದೇ ಕೆರೆಗೆ ಹತ್ತಿರದ ನಮ್ಮಂಥ ಹಳ್ಳಿಗಳಿಗೆ ಸೇದುವ ಬಾವಿಯೇ ಗತಿ. ಊರಬಾವಿಗೆ ಹಗ್ಗ ಇಳಿಸುವ ಹಕ್ಕು ಎಲ್ಲರಿಗೂ ಇರಲಿಲ್ಲ. ಕೇರಿಯ ಹೆಂಗಸರು ಕೊಡ ಇಟ್ಟುಕೊಂಡು ದೂರ ನಿಂತು, ಯಾರಾದರೂ ಸೇದಿ ಹೊಯ್ಯಲಿ ಎಂದು ಕಾಯಬೇಕಿತ್ತು. ಅಂಬೇಡ್ಕರ್ ಮಹಾಡದಲ್ಲಿ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಸಂವಿಧಾನದ 15ನೇ ವಿಧಿ ಬಾವಿ, ಕೆರೆಗಳನ್ನು ಹೆಸರಿಸಿಯೇ ತಾರತಮ್ಯ ಸಲ್ಲದು ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಶಿಕ್ಷಾರ್ಹ ಮಾಡಿತು. ಅಮ್ಮ ಸೊಸೆಯಾಗಿ ಬಂದದ್ದು ಅದಾದ ಹತ್ತು ಹನ್ನೆರಡು ವರ್ಷಕ್ಕೆ. ಆಗಲೂ ಕೇರಿಯವರು ಕಾಯುತ್ತಲೇ ಇದ್ದರು.

ಅಜ್ಜನ ಮನೆಯ ಗರಡಿಯನ್ನು ಊರೆಲ್ಲ ಕೇಳುತ್ತಿತ್ತು ಎಂದೆನಲ್ಲ. ಕೇರಿಯವರು ಒಮ್ಮೆಯೂ ಕೇಳಿರಲಿಲ್ಲ. ಹಗ್ಗ ಇಳಿಸದವರ ಬಿಂದಿಗೆ ಬಾವಿಗೆ ಬೀಳುವುದಾದರೂ ಹೇಗೆ? ಗುದ್ದಲಿ, ಕುಡುಗೋಲುಗಳನ್ನು ನಮ್ಮ ಮನೆಯಿಂದ ಅವರ ಕೈಗೆ ಕೊಡುತ್ತಿದ್ದರು, ಅದೂ ನಮ್ಮದೇ ಹೊಲದ ಕೆಲಸಕ್ಕೆ. ಕೈಗೆ ಎಂದದ್ದೂ ತಪ್ಪು, ನೆಲಕ್ಕೆ ಇಡುತ್ತಿದ್ದರು. ಕುಡುಗೋಲನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ಶಾಸ್ತ್ರ ನಮ್ಮ ನಮ್ಮಲ್ಲೂ ಇತ್ತು. ಹಾಗಾಗಿ ಒಂದೇ ರೀತಿ ಬಗ್ಗಿ ನೆಲಕ್ಕಿಟ್ಟರೂ, ಒಬ್ಬರಿಗೆ ಅದು ಶಾಸ್ತ್ರವಾಗಿತ್ತು, ಇನ್ನೊಬ್ಬರಿಗೆ ಮೈಲಿಗೆ.

ಸರ್ಕಾರದವರು ಕೇರಿಗೇ ಬೇರೆ ಬಾವಿ ತೋಡಿಸಿಕೊಟ್ಟರು. ಆ ವರ್ಷ ಬೇಸಿಗೆಯಲ್ಲಿ ಅಲ್ಲಿಯ ಒಬ್ಬರು ಬಂದು ಜಗಲಿಯ ಕೆಳಗೆ ನಿಂತು ಗರಡಿ ಕೇಳಿದರು. ಅಜ್ಜ ಕೊಡಿಸಿದ. ನಿಯಮದಂತೆ ಅವರು ಚೊಂಬು ಇಟ್ಟರು. ಅದನ್ನು ಯಾರೂ ಒಳಕ್ಕೆ ತರಲಿಲ್ಲ, ಕೊಟ್ಟಿಗೆಯ ಗೋಡೆಗೂಡಿನಲ್ಲಿ ಇರಿಸಿದರು. ಎರಡು ದಿನಕ್ಕೆ ಅವರು ಗರಡಿ ತೊಳೆದುಕೊಂಡು ಬಂದಾಗ ಅಜ್ಜ, "ನೀವೇ ಮಡಿಕಳ್ರಪ್ಪ, ನಿಮಗೂ ಬಾವಿ ಆಯ್ತಲ್ಲ, ಬೇಕಾಯ್ತದೆ" ಎಂದನಂತೆ. ಅವರು ಸ್ವಲ್ಪ ಹೊತ್ತು ನಿಂತಿದ್ದು, ಹಾಗಾದರೆ ಚೊಂಬು ಇಲ್ಲೇ ಇರಲಿ ಎಂದು ಹೊರಟುಹೋದರು. ನಮ್ಮ ಬಂಧುಗಳಲ್ಲಿ ಇದನ್ನು ಅಜ್ಜನ ದೊಡ್ಡತನದ ಕತೆಯಾಗಿ ಹೇಳುವವರಿದ್ದಾರೆ. ಅಮ್ಮ ಇನ್ನೊಂದು ಸಂಗತಿ ಸೇರಿಸುತ್ತಾಳೆ. ಮುಂದಿನ ಆಯುಧಪೂಜೆಗೆ ಮೊದಲೇ ಕುಲುಮೆಯಲ್ಲಿ ಹೊಸ ಗರಡಿ ಮಾಡಿಸಿದರು. ಎರವಲು ಹೋದ ಹತ್ಯಾರೆಲ್ಲ ಮನೆಗೆ ಮರಳಿ, ತೊಳೆಸಿಕೊಂಡು, ಕುಂಕುಮ ಇಡಿಸಿಕೊಳ್ಳುವ ಹಬ್ಬ ಅದು. ಆ ಸಾಲಿನಲ್ಲಿ ಹಳೆಯದನ್ನು ಇಡಲು ಅವರಿಗೆ ಮನಸ್ಸಿರಲಿಲ್ಲ. ಹೊಸ ಗರಡಿ ಆಮೇಲೆ ಯಾವಾಗಲೋ ಗುಜರಿಗೆ ಹೋಯಿತು.

ಕಳೆದ ವರ್ಷ ಚೊಂಬನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಹಳ್ಳಿ ಈಗ ಬಡಾವಣೆ, ಕೇರಿ ಒಂದು ಅಡ್ಡರಸ್ತೆ. ಗರಡಿ ಕೇಳಲು ಬಂದಿದ್ದವರ ಮಗ ಇದ್ದಾರೆ, ಎಪ್ಪತ್ತು ದಾಟಿದವರು. ನಾನು ಇಂಥವರ ಮೊಮ್ಮಗ ಎಂದೆ. ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿ, ತಳದ ಸೊಟ್ಟೆಯ ಮೇಲೆ ಬೆರಳಾಡಿಸಿ, "ನಮ್ಮದೇಯ" ಎಂದರು. ಗರಡಿ ಏನಾಯಿತು ಎಂದು ಕೇಳಿದೆ. ಬೋರ್‌ವೆಲ್ ಬಂದು ಬಾವಿ ಬತ್ತಿದ ಮೇಲೆ ಕಸ ತುಂಬಿ ಮುಚ್ಚಿದರಂತೆ, ಗರಡಿಯೂ ಅದರೊಳಗೇ ಹೋಯಿತಂತೆ. "ಅದರ ಮ್ಯಾಲೆ ಈಗ ಮೂರು ಅಂತಸ್ತು ಕಟ್ಟವ್ರೆ ಸಾರ್" ಎಂದು ಎದುರಿನ ಕಟ್ಟಡ ತೋರಿಸಿದರು.

ಚೊಂಬು ಇಟ್ಟುಕೊಳ್ಳಿ ಅಣ್ಣಾ ಎಂದೆ. ಅವರು ಅದನ್ನು ಮತ್ತೆ ನನ್ನ ಚೀಲಕ್ಕೇ ಹಾಕಿದರು.

"ಗರಡಿ ಕೊಡದೆ ಚೊಂಬು ಹೆಂಗೆ ಇಸ್ಕೊಳ್ಳೋದು ಸಾರ್?"